ಖಡ್ಗದ ಗುರುತು, ಖಡ್ಗದ ನೆಲೆ: ಸ್ಕ್ಯಾಂಡಿನೇವಿಯದ ಆಯುಧ ವರ್ಗೀಕರಣ ಪರಂಪರೆಯ ವಿಮರ್ಶೆ

ಜಾನಪದ ಅಧ್ಯಯನವನ್ನು ಕೈಗೊಂಡವರಿಗೆ ಉತ್ತರ ಯುರೋಪು ಹೊಸ ಸೀಮೆಯೇನಲ್ಲ. ನಮ್ಮ ಶಿಸ್ತಿನ ಮೊದಲ ಪಾಠಗಳಲ್ಲಿ ಹಲವು ಅಲ್ಲಿಂದಲೇ ಬಂದವು. ಫಿನ್ಲೆಂಡಿನ ಕಾರ್ಲೆ ಕ್ರೋನ್, ಡೆನ್ಮಾರ್ಕಿನ ಆಕ್ಸೆಲ್ ಓಲ್ರಿಕ್, ಸ್ವೀಡನ್ನಿನ ಸಿ.ಡಬ್ಲ್ಯು. ಫಾನ್ ಸೀಡೋ ಸೇರಿ 1907ರಲ್ಲಿ ಜಾನಪದ ವಿದ್ವಾಂಸರ ಬಳಗವೊಂದನ್ನು ಕಟ್ಟಿದರು. ಆ ಬಳಗದ ಪ್ರಕಟಣಮಾಲೆಯಲ್ಲಿ 1910ರಲ್ಲಿ ಆಂಟಿ ಆರ್ನೆಯವರ ಕಥಾವರ್ಗ ಸೂಚಿ ಹೊರಬಂದಿತು. ಅದೇ ಮಾಲೆಯಲ್ಲಿಯೇ 1998ರಲ್ಲಿ ನಮ್ಮ ಕರಾವಳಿಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನದ ಬೃಹತ್ ಪಠ್ಯವೂ ಪ್ರಕಟವಾಯಿತು. ಲೌರಿ ಹೊಂಕೊ ಅವರೊಡನೆ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು 1990ರಿಂದ ನಡೆಸಿದ ಆ ಕಾರ್ಯದ ಮೂಲಕ ಉತ್ತರ ಯುರೋಪಿನ ವಿಧಾನ ಮತ್ತು ತುಳುನಾಡಿನ ಮೌಖಿಕ ಪರಂಪರೆ ಮುಖಾಮುಖಿಯಾದವು. ಇಷ್ಟನ್ನು ನಾವು ಬಲ್ಲೆವು. ಆದರೆ ಕಥೆಗಳನ್ನು ವರ್ಗಗಳಾಗಿ ಜೋಡಿಸುತ್ತಿದ್ದ ಅದೇ ದಶಕಗಳಲ್ಲಿ, ಅದೇ ನಾಡುಗಳಲ್ಲಿ, ಮತ್ತೊಂದು ವಿದ್ವತ್ ಸಮುದಾಯವು ಗೋರಿದಿಬ್ಬಗಳಿಂದ ಹೊರಬಂದ ಖಡ್ಗ, ಈಟಿ, ಕೊಡಲಿಗಳನ್ನು ಕಥೆಗಳಂತೆಯೇ ವರ್ಗಗಳಾಗಿ ಜೋಡಿಸುತ್ತಿತ್ತು ಎಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ವರ್ಗೀಕರಣ ಪರಂಪರೆಯನ್ನು ಒಬ್ಬ ಜಾನಪದ ಅಧ್ಯಯನಕಾರನ ಕಣ್ಣಿನಿಂದ ಓದಿ, ಅದು ಗಳಿಸಿದ್ದೇನು, ಕಳೆದದ್ದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಕ್ಯಾಂಡಿನೇವಿಯದಲ್ಲಿ ಪುರಾತನ ವಸ್ತುಗಳ ಬಗೆಗಿನ ಕಾಳಜಿ ಹಳೆಯದು. ಡೆನ್ಮಾರ್ಕಿನಲ್ಲಿ 1241ರ ಜಟ್ಲೆಂಡ್ ಕಾನೂನು ನೆಲದಲ್ಲಿ ಸಿಕ್ಕ, ಒಡೆಯರಿಲ್ಲದ ಬೆಳ್ಳಿಬಂಗಾರ ರಾಜನಿಗೆ ಸೇರತಕ್ಕದ್ದೆಂದು ವಿಧಿಸಿತ್ತು. ಸ್ವೀಡನ್ 1666ರಲ್ಲಿಯೇ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ರಾಜಶಾಸನ ಹೊರಡಿಸಿತು. ಆದರೆ ವಸ್ತುವನ್ನು ಕಾಯುವುದು ಬೇರೆ, ಅರಿಯುವುದು ಬೇರೆ. ಅರಿಯುವ ಕ್ರಮಕ್ಕೆ ತಳಹದಿ ಹಾಕಿದವರು ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಯುರ್ಗೆನ್ಸನ್ ಥಾಮ್ಸನ್. 1816ರಲ್ಲಿ ಪ್ರಾಚ್ಯವಸ್ತು ಆಯೋಗದ ಕಾರ್ಯದರ್ಶಿಯಾದ ಅವರು ರಾಶಿಬಿದ್ದಿದ್ದ ವಸ್ತುಗಳನ್ನು ಶಿಲೆ, ಕಂಚು, ಕಬ್ಬಿಣ ಎಂದು ಮೂರು ಯುಗಗಳಾಗಿ ಬೇರ್ಪಡಿಸಿದರು. 1836ರಲ್ಲಿ ಪ್ರಕಟವಾದ ಅವರ ಕೈಪಿಡಿಯ ಮೂಲಕ ಈ ವಿಭಾಗಕ್ರಮ ಜಗತ್ತಿಗೆಲ್ಲ ಹರಡಿತು. ನಮ್ಮ ಶಾಲಾ ಪಠ್ಯಗಳಲ್ಲಿ ಇಂದಿಗೂ ಓದುವ ಶಿಲಾಯುಗ, ಲೋಹಯುಗ ಎಂಬ ಮಾತುಗಳ ಹಿಂದೆ ಆ ಡ್ಯಾನಿಷ್ ವ್ಯಾಪಾರಿಯ ಮಗನ ಕೈಯಿದೆ. ಥಾಮ್ಸನ್ ಒಂದು ವಿಷಯವನ್ನು ಒತ್ತಿ ಹೇಳುತ್ತಿದ್ದರು: ಯಾವ ವಸ್ತುವಿನ ಜೊತೆಗೆ ಯಾವ ವಸ್ತು ಸಿಕ್ಕಿತು ಎಂಬುದನ್ನು ಮರೆಯಬಾರದು. ಈ ಎಚ್ಚರವನ್ನು ಮುಂದೆ ಬಂದವರೆಲ್ಲರೂ ಒಂದೇ ಪ್ರಮಾಣದಲ್ಲಿ ಉಳಿಸಿಕೊಳ್ಳಲಿಲ್ಲ.

ಸ್ವೀಡನ್ನಿನ ಆಸ್ಕರ್ ಮಾಂಟೇಲಿಯಸ್ ಅವರು 1885ರಲ್ಲಿ ಕಂಚಿನ ಯುಗವನ್ನು ಆರು ಅವಧಿಗಳಾಗಿ ವಿಂಗಡಿಸಿದರು. ಅವರ ತರ್ಕದ ಪ್ರಕಾರ ಆಯುಧಗಳ ಆಕಾರ ಜೀವಿಗಳ ವಿಕಾಸದಂತೆ ಹಂತಹಂತವಾಗಿ ಬದಲಾಗುತ್ತದೆ. ಒಂದರ ಪಕ್ಕ ಒಂದನ್ನಿಟ್ಟರೆ ಕಾಲಾನುಕ್ರಮ ತಾನಾಗಿ ತೋರುತ್ತದೆ. ಅದೇ 1885ರಲ್ಲಿ ನಾರ್ವೆಯ ಓಲುಫ್ ರೈಗ್ ಅವರು ನಾರ್ವೆಯ ಪ್ರಾಚೀನ ವಸ್ತುಗಳ ಸಚಿತ್ರ ಗ್ರಂಥವನ್ನು ಪ್ರಕಟಿಸಿದರು. ಅದರ ಚಿತ್ರಸಂಖ್ಯೆಗಳೇ ಮುಂದೆ ವಸ್ತುಗಳ ಹೆಸರುಗಳಾದವು. ಒಂದು ಕೊಡಲಿ ಸಿಕ್ಕರೆ ಅದು ರೈಗ್ ಅವರ ಇಂತಿಷ್ಟನೆಯ ಚಿತ್ರದಂತಿದೆ ಎಂದು ಬರೆದರೆ ಸಾಕಾಗುತ್ತಿತ್ತು. ರೈಗ್ ಅವರು ನಾರ್ವೆಯ ಹೊಲಮನೆಗಳ ಹೆಸರುಗಳನ್ನು ಸಂಗ್ರಹಿಸಿ ವಿವರಿಸಿದ ಸ್ಥಳನಾಮ ವಿದ್ವಾಂಸರೂ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಹೆಸರನ್ನೂ ನೆಲವನ್ನೂ ಒಟ್ಟಿಗೆ ಕಾಣಬಲ್ಲ ವಿದ್ವಾಂಸರ ಗ್ರಂಥವೇ ನೆಲವನ್ನು ಬಿಟ್ಟು ಚಿತ್ರಸಂಖ್ಯೆಯಿಂದ ವಸ್ತುವನ್ನು ಗುರುತಿಸುವ ರೂಢಿಗೆ ದಾರಿ ಮಾಡಿಕೊಟ್ಟಿತು.

ಈ ಪರಂಪರೆಯ ಶಿಖರ ಕೃತಿ ಯಾನ್ ಪೀಟರ್ಸನ್ ಅವರು 1919ರಲ್ಲಿ ಪ್ರಕಟಿಸಿದ, ನಾರ್ವೆಯ ವೈಕಿಂಗ್ ಕಾಲದ ಖಡ್ಗಗಳನ್ನು ಕುರಿತ ಗ್ರಂಥ. ಖಡ್ಗದ ಹಿಡಿಕೆಯ ಆಕಾರವನ್ನು, ಅಂದರೆ ಕೈಯನ್ನು ಕಾಯುವ ಕೆಳಗಿನ ಅಡ್ಡಪಟ್ಟಿ, ಮೇಲಿನ ಅಡ್ಡಪಟ್ಟಿ ಮತ್ತು ಅದರ ಮೇಲೆ ಕೂರುವ ಹಿಡಿಯ ತಲೆ, ಈ ಮೂರನ್ನು ಆಧಾರವಾಗಿಟ್ಟುಕೊಂಡು ಅವರು ವರ್ಗಗಳನ್ನು ರಚಿಸಿದರು. ಎ, ಬಿ, ಸಿ ಎಂದು ರೋಮನ್ ಅಕ್ಷರಗಳ ಹೆಸರಿಟ್ಟು, ಝಡ್ ಅನ್ನೂ ದಾಟಿ ನಾರ್ವೇಜಿಯನ್ ವರ್ಣಮಾಲೆಯ ವಿಶೇಷ ಅಕ್ಷರವೊಂದರವರೆಗೆ ಸಾಗಿದರು. ಇವುಗಳಲ್ಲಿ ಸೇರದವಕ್ಕೆ ಅಂಕಿಗಳ ವಿಶೇಷ ವರ್ಗಗಳು ಹುಟ್ಟಿದವು. ಈಟಿಗಳಿಗೆ, ಕೊಡಲಿಗಳಿಗೆ ಪ್ರತ್ಯೇಕ ಅಕ್ಷರಮಾಲೆಗಳು ಬಂದವು. ಒಂದು ಶತಮಾನ ಕಳೆದರೂ ಯಾವುದೇ ವಸ್ತುಸಂಗ್ರಹಾಲಯದಲ್ಲಿ ವೈಕಿಂಗ್ ಖಡ್ಗವೊಂದನ್ನು ಗುರುತಿಸುವವರು ಮೊದಲು ಹುಡುಕುವುದು ಪೀಟರ್ಸನ್ ಅವರ ಅಕ್ಷರವನ್ನೇ. ತಾಮ್ರ, ಬೆಳ್ಳಿಯ ತಂತಿಗಳನ್ನು ಹೊದಿಸಿದ ಎಚ್ ವರ್ಗ, ಯಾವ ಅಲಂಕಾರವೂ ಇಲ್ಲದ ಎಂ ವರ್ಗ, ಹತ್ತನೆಯ ಶತಮಾನದ ಸಿಂಗಾರದ ಎಸ್ ವರ್ಗ, ಅಗಲ ಬಾಯಿಯ ಡೇನ್ ಕೊಡಲಿಯೆಂದು ಹೆಸರಾದ ಎಂ ವರ್ಗದ ಕೊಡಲಿ, ಇವೆಲ್ಲ ಇಂದು ಸಂಗ್ರಾಹಕರ ಬಾಯಲ್ಲಿ ಮನೆಮಾತು.

ಆರ್ನೆಯವರ ಕಥಾವರ್ಗ ಸೂಚಿಯ ಪಕ್ಕದಲ್ಲಿ ಈ ಗ್ರಂಥವನ್ನಿಟ್ಟು ನೋಡಿದರೆ ಸಾಮ್ಯ ಬೆರಗು ಹುಟ್ಟಿಸುತ್ತದೆ. ಎರಡರಲ್ಲಿಯೂ ಬಿಡಿ ವಸ್ತುಗಳ ಕಾಡಿನಲ್ಲಿ ದಾರಿ ಕಡಿಯುವ ತವಕವಿದೆ. ದಾರಿ ಸಿಕ್ಕ ಮೇಲೆ ಕಾಡನ್ನು ಮರೆಯುವ ಅಪಾಯವೂ ಎರಡರಲ್ಲಿದೆ. ಈ ಅಪಾಯವನ್ನು ನಾನು ದೂರದಿಂದ ನೋಡಿ ಹೇಳುತ್ತಿಲ್ಲ. ಸಂಶೋಧನೆಯ ದಿನಗಳಲ್ಲಿ ಕಥೆಗಳನ್ನು ಕಾರ್ಡುಗಳಲ್ಲಿ ಬರೆದುಕೊಳ್ಳುವಾಗ ವರ್ಗಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ತಪ್ಪದೆ ನಮೂದಿಸಿದ ನಾನು, ಕೆಲವು ಕಾರ್ಡುಗಳಲ್ಲಿ ಕಥೆ ಹೇಳಿದ ಅಜ್ಜಿಯ ಹೆಸರನ್ನೇ ಬರೆದಿರಲಿಲ್ಲ. ಈಗ ಆ ಕಾರ್ಡುಗಳನ್ನು ತೆಗೆದರೆ ಸಂಖ್ಯೆಯಿದೆ, ಕಥೆಯ ಸಾರಾಂಶವಿದೆ, ಹೇಳಿದವರಿಲ್ಲ. ಪೀಟರ್ಸನ್ ಅವರ ಪುಟಗಳನ್ನು ನಾನು ಓದುವುದು ಈ ತಪ್ಪೊಪ್ಪಿಗೆಯೊಂದಿಗೆ.

ಪೀಟರ್ಸನ್ ಅವರ ಸಾಧನೆಯನ್ನು ಕಿರಿದುಗೊಳಿಸುವ ಉದ್ದೇಶ ಇಲ್ಲಿಲ್ಲ. ನಾರ್ವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ವೈಕಿಂಗ್ ಕಾಲದ ಖಡ್ಗಗಳು ದೊರೆತಿವೆ. ಡೆನ್ಮಾರ್ಕಿನಲ್ಲಿ ದೊರೆತವು ಬಹಳ ಕಡಿಮೆ. ಮೇಲುನೋಟಕ್ಕೆ ನಾರ್ವೆಯವರು ಹೆಚ್ಚು ಶಸ್ತ್ರಸಜ್ಜಿತರಾಗಿದ್ದರು ಎನಿಸುತ್ತದೆ. ವಾಸ್ತವವಾಗಿ ಈ ಅಂಕಿಗಳು ಬದುಕಿನದಲ್ಲ, ಸಾವಿನ ಆಚರಣೆಯವು. ನಾರ್ವೆಯಲ್ಲಿ ಸತ್ತವರೊಡನೆ ಆಯುಧವಿಡುವ ರೂಢಿ ಹತ್ತನೆಯ ಶತಮಾನದಲ್ಲಿಯೂ ಬಲವಾಗಿತ್ತು; ಡೆನ್ಮಾರ್ಕಿನಲ್ಲಿ ಅದು ವಿರಳವಾಗಿತ್ತು, ಕ್ರೈಸ್ತಧರ್ಮವೂ ಅಲ್ಲಿಗೆ ಮೊದಲೇ ಬಂದಿತು. ಅಲ್ಲದೆ ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ರೈತರು ಹೊಸ ಭೂಮಿ ಒಡೆಯುವಾಗ ದಿಬ್ಬಗಳನ್ನು ಅಗೆದರು. ಖಡ್ಗಗಳಲ್ಲಿ ಬಹುಪಾಲು ಹೊರಬಂದದ್ದು ನೇಗಿಲು, ಗುದ್ದಲಿಗಳ ಬಾಯಿಂದ, ಪುರಾತತ್ವಜ್ಞರ ಕರಣೆಯಿಂದಲ್ಲ. ರೈತ ಖಡ್ಗವನ್ನು ತಂದುಕೊಟ್ಟ. ಅದರ ಪಕ್ಕದಲ್ಲಿದ್ದ ಮೂಳೆಯ ಚೂರು, ಮಡಕೆಯ ಬಿಲ್ಲೆ, ಬೂದಿಯ ಪದರ ಅಲ್ಲಿಯೇ ಉಳಿಯಿತು. ಇಂಥ ಅರೆಬರೆ ಸಾಮಗ್ರಿಯಿಂದ ಕಾಲಾನುಕ್ರಮವನ್ನು ಕಟ್ಟಬೇಕಾದವರಿಗೆ ಆಕಾರವನ್ನು ಬಿಟ್ಟು ಬೇರೆ ಆಸರೆಯಿರಲಿಲ್ಲ. ಆದ್ದರಿಂದ ಪೀಟರ್ಸನ್ ಅವರ ವಿಧಾನ ಆ ಹೊತ್ತಿನ ಅನಿವಾರ್ಯತೆ. ಅನಿವಾರ್ಯತೆಯನ್ನು ಮುಂದಿನವರು ಆದರ್ಶವೆಂದು ಭಾವಿಸಿದ್ದರಲ್ಲಿ ತೊಡಕು ಹುಟ್ಟಿತು.

ಮೊದಲ ತೊಡಕು ಹಿಡಿಕೆ ಮತ್ತು ಅಲಗಿನ ಸಂಬಂಧದ್ದು. ಪೀಟರ್ಸನ್ ವರ್ಗೀಕರಿಸಿದ್ದು ಹಿಡಿಕೆಗಳನ್ನು. ಆದರೆ ಅಲಗು ಒಂದು ಕಡೆ ಹುಟ್ಟಿ, ಹಿಡಿಕೆ ಮತ್ತೊಂದು ಕಡೆ ಕೂಡಿಕೊಳ್ಳುವುದು ಅಂದು ಸಾಮಾನ್ಯವಾಗಿತ್ತು. ಒಳ್ಳೆಯ ಇಬ್ಬಾಯಿ ಅಲಗುಗಳು ಫ್ರಾಂಕರ ನಾಡಿನಿಂದ, ಅಂದರೆ ರೈನ್ ನದಿಯ ಸೀಮೆಯಿಂದ ಉತ್ತರಕ್ಕೆ ಬರುತ್ತಿದ್ದವು. ಈ ವ್ಯಾಪಾರ ಎಷ್ಟು ಕಳವಳ ಹುಟ್ಟಿಸಿತ್ತೆಂದರೆ, 864ರಲ್ಲಿ ಬೋಳುತಲೆಯ ಚಾರ್ಲ್ಸ್ ದೊರೆ ಪೀತ್ರ್‌ನಲ್ಲಿ ಹೊರಡಿಸಿದ ಶಾಸನದಲ್ಲಿ ನಾರ್ಮನ್ನರಿಗೆ ಕವಚ, ಆಯುಧ, ಕುದುರೆಗಳನ್ನು ಕೊಟ್ಟವರಿಗೆ ಮರಣದಂಡನೆ ವಿಧಿಸಲಾಯಿತು. ಅಲಗು ತಲೆಮಾರುಗಳ ಕಾಲ ಬಾಳಿದರೆ ಹಿಡಿಕೆ ಹೊಸ ಒಡೆಯನ ರುಚಿಗೆ ತಕ್ಕಂತೆ ಬದಲಾಗುತ್ತಿತ್ತು. ಹೀಗಾಗಿ ಒಂದು ಖಡ್ಗವನ್ನು ಎಚ್ ವರ್ಗದ್ದು ಎಂದಾಗ ನಾವು ಹೇಳುತ್ತಿರುವುದು ಅದರ ಕೊನೆಯ ಉಡುಪಿನ ಕಾಲವನ್ನು. ಅದರ ಹುಟ್ಟಿನ ಕಾಲವನ್ನಲ್ಲ. ಕಥೆಯ ಆರಂಭ, ಮುಕ್ತಾಯದ ಸಿದ್ಧವಾಕ್ಯಗಳನ್ನು ನೋಡಿ ಇಡೀ ಕಥೆಯ ಪ್ರಾಚೀನತೆಯನ್ನು ನಿರ್ಧರಿಸಿದಂತೆ ಇದು. ಅಲಗನ್ನೇ ಆಧಾರವಾಗಿಸಿದ ವ್ಯವಸ್ಥಿತ ವರ್ಗೀಕರಣ ಬರಲು 1991ರಲ್ಲಿ ಜರ್ಮನಿಯ ಆಲ್ಫ್ರೆಡ್ ಗೈಬಿಗ್ ಅವರ ಗ್ರಂಥದವರೆಗೆ ಕಾಯಬೇಕಾಯಿತು.

ಪೀಟರ್ಸನ್ ಅವರ ಉದ್ದನೆಯ ಅಕ್ಷರಮಾಲೆಯನ್ನು ಏಳು ವರ್ಗಗಳಿಗೆ ಇಳಿಸಿದವರು ಮಾರ್ಟಿಮರ್ ವ್ಹೀಲರ್. 1927ರಲ್ಲಿ, ಲಂಡನ್ ಮತ್ತು ವೈಕಿಂಗರನ್ನು ಕುರಿತ ಪುಸ್ತಿಕೆಯಲ್ಲಿ. ಹೌದು, 1947ರಲ್ಲಿ ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆದ ಅದೇ ವ್ಹೀಲರ್. ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಮಣ್ಣನ್ನು ಓದುವ ಶಿಸ್ತನ್ನು ಕಲಿಸಿದವರೇ ಇಪ್ಪತ್ತು ವರ್ಷಗಳ ಹಿಂದೆ ಥೇಮ್ಸ್ ನದಿಯ ಕೆಸರಿನಿಂದ ಬಂದ, ಪದರವೇ ಇಲ್ಲದ ಖಡ್ಗಗಳಿಗೆ ಆಕಾರದ ಸೂತ್ರ ಹೊಸೆದಿದ್ದರು. ಮುಂದೆ ಇಂಗ್ಲೆಂಡಿನ ಎವರ್ಟ್ ಓಕ್‌ಶಾಟ್ ಈ ಏಳಕ್ಕೆ ಎರಡನ್ನು ಸೇರಿಸಿ, ಹತ್ತರಿಂದ ಮುಂದಕ್ಕೆ ಮಧ್ಯಯುಗದ ಖಡ್ಗಗಳ ವರ್ಗಗಳನ್ನು ಬೆಳೆಸಿದರು. ಇವು ಬಳಕೆಗೆ ಸುಲಭ. ಖಾಸಗಿ ಸಂಗ್ರಾಹಕರಿಗೆ ಪ್ರಿಯ. ಆದರೆ ವರ್ಗ ಸರಳವಾದಷ್ಟೂ ಪ್ರದೇಶ ವಿಶೇಷಗಳು ಅಳಿಸಿಹೋಗುತ್ತವೆ. ಫಾನ್ ಸೀಡೋ ಅವರು ಫಿನ್ನಿಷ್ ಪಂಥದ ಮೇಲೆ ಮಾಡಿದ ಆಕ್ಷೇಪವೂ ಇದೇ ಅಲ್ಲವೇ? ಕಥೆಯೊಂದು ಒಂದು ನೆಲದಲ್ಲಿ ಬೇರೂರಿದಾಗ ಆ ನೆಲದ ಗುಣವನ್ನು ಪಡೆಯುತ್ತದೆ, ಸಸ್ಯಗಳಲ್ಲಿ ನೆಲೆಗೆ ತಕ್ಕ ಪ್ರಭೇದ ಹುಟ್ಟುವಂತೆ ಕಥೆಯಲ್ಲಿಯೂ ನೆಲೆರೂಪಗಳು ಹುಟ್ಟುತ್ತವೆ ಎಂದು ಅವರು ವಾದಿಸಿದ್ದರು. ಅವರ ಈ ಮಾತನ್ನು ಆಯುಧಗಳ ಅಧ್ಯಯನಕ್ಕೆ ಅನ್ವಯಿಸಿದರೆ ಬಹಳ ಲಾಭವಿದೆ. ನಾರ್ವೆಯಲ್ಲಿ ಒಬ್ಬಾಯಿ ಅಲಗಿನ ಖಡ್ಗಗಳು ಗಣನೀಯವಾಗಿ ಸಿಗುತ್ತವೆ. ಇವು ಅಲ್ಲಿನ ಕಮ್ಮಾರರ ಕೈಯ ರೂಪಗಳು. ಹಿಡಿಕೆಯನ್ನು ಮಾತ್ರ ನೋಡುವ ಕಣ್ಣಿಗೆ ಈ ನೆಲೆರೂಪ ಅಡಿಟಿಪ್ಪಣಿಯಾಗುತ್ತದೆ.

ಎರಡನೆಯ ತೊಡಕು ಹೆಸರಿನದು. ಬೆರ್ಗನ್ ವಸ್ತುಸಂಗ್ರಹಾಲಯದ ಆಂಡರ್ಸ್ ಲೊರಾಂಗೆ ಅವರು ತುಕ್ಕಿನಡಿ ಹುದುಗಿದ್ದ ಲ್ಯಾಟಿನ್ ಅಕ್ಷರಗಳನ್ನು ಅಲಗುಗಳ ಮೇಲೆ ಗುರುತಿಸಿದರು. ಅವರ ಗ್ರಂಥ ಅವರು ತೀರಿಕೊಂಡ ಮರುವರ್ಷ, 1889ರಲ್ಲಿ ಬಂದಿತು. ಈ ಬರಹಗಳಲ್ಲಿ ಪ್ರಖ್ಯಾತವಾದುದು ಉಲ್ಫ್‌ಬೆರ್ಟ್ ಎಂಬ ಫ್ರಾಂಕಿಷ್ ಹೆಸರು. ಹೆಸರಿನ ಮುಂದೆ ಒಂದು ಶಿಲುಬೆ, ಕೊನೆಯ ಅಕ್ಷರದ ಮೊದಲು ಮತ್ತೊಂದು ಶಿಲುಬೆ. ಫಿನ್ಲೆಂಡಿನಲ್ಲಿ ಯೋರ್ಮಾ ಲೆಪ್ಪಾಹೋ ಅವರು ಕ್ಷಕಿರಣಗಳ ನೆರವಿನಿಂದ ಇಂಥ ಅನೇಕ ಬರಹಗಳನ್ನು ಹೊರಗೆಡಹಿದರು. ಇಂದು ಯುರೋಪಿನಾದ್ಯಂತ ಸುಮಾರು 170 ಉಲ್ಫ್‌ಬೆರ್ಟ್ ಅಲಗುಗಳು ತಿಳಿದಿವೆ. ಹೆಚ್ಚಿನ ಸಂಖ್ಯೆಯವು ನಾರ್ವೆಯವು. ಇವು ಹರಡಿಕೊಂಡಿರುವ ಅವಧಿ ಸುಮಾರು ಇನ್ನೂರು ವರ್ಷ. ಆದ್ದರಿಂದ ಇದು ಒಬ್ಬ ಕಮ್ಮಾರನ ಹೆಸರಾಗಿರಲಾರದು. ಶಿಲುಬೆಯ ಗುರುತನ್ನು ಗಮನಿಸಿ ನಾರ್ವೆಯ ಆನ್ನೆ ಸ್ತಾಲ್ಸ್‌ಬೆರ್ಗ್ ಅವರು, ಇದು ಆಯುಧ ತಯಾರಿಕೆಯ ಮೇಲ್ವಿಚಾರಣೆ ಹೊತ್ತಿದ್ದ ಧರ್ಮಾಧಿಕಾರಿಯ ಹೆಸರಾಗಿರಬಹುದೆಂದು ಸೂಚಿಸಿದ್ದಾರೆ.

ಕನ್ನಡ ಓದುಗರಿಗೆ ಈ ಸಮಸ್ಯೆ ಪರಿಚಿತವೇ. ವಚನಗಳಲ್ಲಿ, ದಾಸರ ಪದಗಳಲ್ಲಿ ಅಂಕಿತವಿದೆ. ಅಂಕಿತವಿದ್ದ ಮಾತ್ರಕ್ಕೆ ಅದು ಆ ವಚನಕಾರರದೇ ಎಂದು ನಾವು ನಂಬುವುದಿಲ್ಲ. ಪ್ರಕ್ಷಿಪ್ತ ಯಾವುದು, ಮೂಲ ಯಾವುದು ಎಂದು ಸೋಸುತ್ತೇವೆ. ಉಲ್ಫ್‌ಬೆರ್ಟ್ ಕೂಡ ಒಂದು ಅಂಕಿತ. ಶಿಲುಬೆಯ ಜಾಗ ತಪ್ಪಿದ, ಅಕ್ಷರ ತಪ್ಪಿದ ಅಲಗುಗಳು ಸಾಕಷ್ಟಿವೆ. ಲೋಹಶಾಸ್ತ್ರಜ್ಞ ಆಲನ್ ವಿಲಿಯಮ್ಸ್ 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಪ್ರಕಾರ, ಒಂದು ನಿರ್ದಿಷ್ಟ ಬರವಣಿಗೆಯ ಅಲಗುಗಳಲ್ಲಿ ಹಲವು ಇಂಗಾಲಾಂಶ ಹೆಚ್ಚಿರುವ ಉತ್ತಮ ಉಕ್ಕಿನವು. ಶಿಲುಬೆ ಕೊನೆಗೆ ಸರಿದ ಬರವಣಿಗೆಯವು ಸಾಮಾನ್ಯವಾಗಿ ಕೀಳುದರ್ಜೆಯ ಲೋಹದವು. ಹೆಸರಿಗೆ ಬೆಲೆ ಬಂದ ಕೂಡಲೆ ನಕಲು ಹುಟ್ಟಿತು ಎಂದಾಯಿತು. ಆದರೆ ನಕಲು ಎಂಬ ಪದವನ್ನು ನಾವು ಎಚ್ಚರದಿಂದ ಬಳಸಬೇಕು. ಅಂಕಿತವನ್ನು ಎರವಲು ಪಡೆದ ಪರವರ್ತಿ ಕವಿ ವಂಚಕನೇ ಆಗಿರಬೇಕಿಲ್ಲ, ಭಕ್ತನೂ ಆಗಿರಬಹುದು. ಅಕ್ಷರ ಬಾರದ ಕಮ್ಮಾರನೊಬ್ಬ ಆ ಗುರುತುಗಳನ್ನು ಅಲಗಿಗೆ ಬಲ ತುಂಬುವ ಚಿಹ್ನೆಗಳೆಂದು ಭಾವಿಸಿ ಕೆತ್ತಿದ ಸಾಧ್ಯತೆಯನ್ನು ಲೋಹದ ಪರೀಕ್ಷೆ ತಳ್ಳಿಹಾಕಲಾರದು.

ಇದೇ ವಿಲಿಯಮ್ಸ್ ಅವರ ಪರೀಕ್ಷೆಗಳಿಂದ ಹೊರಟ ಮತ್ತೊಂದು ವಾದ ನಮ್ಮನ್ನು ನೇರವಾಗಿ ತಟ್ಟುತ್ತದೆ. ಆ ಉತ್ತಮ ಅಲಗುಗಳ ಉಕ್ಕು ಮೂಸೆಯಲ್ಲಿ ಕರಗಿಸಿದ ಪೌರ್ವಾತ್ಯ ಉಕ್ಕಾಗಿರಬಹುದು, ವೋಲ್ಗಾ ನದಿಯ ವ್ಯಾಪಾರಮಾರ್ಗದಿಂದ ಬಂದಿರಬಹುದು ಎಂಬುದು ಆ ವಾದ. ಮೂಸೆಯ ಉಕ್ಕಿಗೆ ಯುರೋಪಿನಲ್ಲಿ ನಿಂತ ಹೆಸರು ವೂಟ್ಸ್. ಅದು ಕನ್ನಡದ ಉಕ್ಕು ಎಂಬ ಪದದಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಓದಿದ ಪ್ರಬಂಧದಿಂದ ಆ ಪದ ಇಂಗ್ಲಿಷಿನಲ್ಲಿ ನೆಲೆಗೊಂಡಿತು. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ಕ್ರಮವನ್ನು 1800ರ ಪ್ರವಾಸದಲ್ಲಿ ಫ್ರಾನ್ಸಿಸ್ ಬುಕಾನನ್ ಕಂಡು ಬರೆದಿಟ್ಟಿದ್ದಾನೆ. ಇಷ್ಟನ್ನು ಓದಿದ ನಮ್ಮವರು ಕೆಲವರು ವೈಕಿಂಗರ ಸೊಂಟದಲ್ಲಿ ಕನ್ನಡ ನಾಡಿನ ಉಕ್ಕು ತೂಗುತ್ತಿತ್ತೆಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅಭಿಮಾನ ಸಹಜ, ಆದರೆ ತರ್ಕದ ಸರಪಳಿಯಲ್ಲಿ ಕೊಂಡಿಗಳು ಕಳಚಿವೆ. ಇಂಗಾಲಾಂಶ ಹೆಚ್ಚಿರುವುದೊಂದೇ ಮೂಸೆಯ ಉಕ್ಕಿಗೆ ಸಾಕ್ಷಿಯಾಗಲಾರದು. ಮೂಸೆಯ ಉಕ್ಕೇ ಆಗಿದ್ದರೂ ವೋಲ್ಗಾ ಮಾರ್ಗ ಸೂಚಿಸುವುದು ಇರಾನ್, ಮಧ್ಯ ಏಷ್ಯಗಳನ್ನು. ಅಲ್ಲಿಯೂ ಮೂಸೆಯ ಉಕ್ಕು ತಯಾರಾಗುತ್ತಿತ್ತು. ಗಾಟ್ಲೆಂಡ್ ದ್ವೀಪದಲ್ಲಿ ಸಾವಿರಗಟ್ಟಲೆ ದೊರೆತ ಅರಬ್ಬೀ ಬೆಳ್ಳಿ ನಾಣ್ಯಗಳು ಹೇಳುವುದೂ ಅದೇ ದಾರಿಯನ್ನು. ಸ್ವೀಡನ್ನಿನ ಹೆಲ್ಗೋ ದ್ವೀಪದಲ್ಲಿ 1950ರ ದಶಕದಲ್ಲಿ ಪುಟ್ಟ ಕಂಚಿನ ಬುದ್ಧ ಸಿಕ್ಕಿದ್ದುಂಟು. ಅದರ ಮೂಲವಾದರೂ ಉಪಖಂಡದ ವಾಯವ್ಯ ಮೂಲೆಯ ಸ್ವಾತ್ ಸೀಮೆ. ವಸ್ತು ದೂರ ಸಾಗಬಲ್ಲದು ಎಂಬುದಕ್ಕೆ ಆ ಬುದ್ಧ ಸಾಕ್ಷಿ. ನಮ್ಮ ಉಕ್ಕು ಅಲ್ಲಿಗೆ ಸಾಗಿತು ಎಂಬುದಕ್ಕಲ್ಲ. ಪದ ನಮ್ಮದಾದ ಮಾತ್ರಕ್ಕೆ ಪದಾರ್ಥ ನಮ್ಮದಾಗುವುದಿಲ್ಲ.

ಸಂಗ್ರಹದ ಪ್ರಶ್ನೆಯನ್ನು ಇಲ್ಲಿ ಎತ್ತಬೇಕು. ನಾರ್ವೆಯ 1978ರ ಕಾನೂನಿನಂತೆ 1537ಕ್ಕಿಂತ ಹಿಂದಿನ, ಒಡೆಯರು ಗೊತ್ತಿಲ್ಲದ ವಸ್ತುಗಳು ಸರ್ಕಾರದ ಸ್ವತ್ತು. ಹೀಗಿದ್ದೂ ವೈಕಿಂಗ್ ಖಡ್ಗವೆಂಬ ಹೆಸರಿನಲ್ಲಿ ನೆಲೆ ಹೇಳದ ಆಯುಧಗಳು ಹರಾಜುಗಳಲ್ಲಿ ಕಾಣಿಸುತ್ತವೆ. ಅವುಗಳ ವಿವರಣೆಯಲ್ಲಿ ಪೀಟರ್ಸನ್ ಅಕ್ಷರ ತಪ್ಪದೆ ಇರುತ್ತದೆ. ಊರಿನ ಹೆಸರು ಮಾತ್ರ ಇರುವುದಿಲ್ಲ. ವರ್ಗವೇ ವಂಶಾವಳಿಯಾಗುವ ಈ ಸ್ಥಿತಿ ಕೃತಕ ಜೋಡಣೆಗೆ ಎಡೆ ಮಾಡಿಕೊಡುತ್ತದೆ. ಒಂದು ಗೋರಿಯ ಮುರಿದ ಅಲಗಿಗೆ ಮತ್ತೊಂದರ ಹಿಡಿಕೆ ಬೆಸೆದರೆ ಪುಸ್ತಕದ ಚಿತ್ರಕ್ಕೆ ಹೊಂದುವ ಪೂರ್ಣ ಖಡ್ಗ ಸಿದ್ಧವಾಗುತ್ತದೆ. ಕ್ಷಕಿರಣದಲ್ಲಿ ಬೆಸುಗೆ ಕಾಣುತ್ತದೆ, ಅಲಗಿನ ತುಕ್ಕೂ ಹಿಡಿಕೆಯ ತುಕ್ಕೂ ಒಂದೇ ಬಗೆಯದಲ್ಲವೆಂದು ಪರಿಣತರು ಹಿಡಿಯುತ್ತಾರೆ. ಆದರೆ ಆ ವೇಳೆಗೆ ಎರಡು ಗೋರಿಗಳು ಹಾಳಾಗಿರುತ್ತವೆ. ಅಂದದ ಹಿಡಿಕೆಗಳಿಗೆ ಬೇಡಿಕೆ ಹೆಚ್ಚು. ಸಾದಾ ಎಂ ವರ್ಗದ ಖಡ್ಗ, ಬಹುಶಃ ಒಬ್ಬ ಸಾಮಾನ್ಯ ಹೊಲದೊಡೆಯನದು, ಯಾರ ಗಮನವನ್ನೂ ಸೆಳೆಯುವುದಿಲ್ಲ.

ಇದಕ್ಕೆ ಪ್ರತಿಯಾಗಿ ಸ್ಟಾಕ್‌ಹೋಮಿನ ಲಿವ್‌ರುಸ್ಟ್‌ಕಮ್ಮರನ್ ಎಂಬ ರಾಜ ಆಯುಧಶಾಲೆಯನ್ನು ನೋಡಬಹುದು. 1628ರಲ್ಲಿ ಗುಸ್ತಾವ್ ಅಡಾಲ್ಫ್ ದೊರೆ ತನ್ನ ಯುದ್ಧದ ಉಡುಪುಗಳನ್ನು ನೆನಪಿಗಾಗಿ ಕಾಪಿಡಬೇಕೆಂದು ಆಜ್ಞಾಪಿಸಿದ್ದರಿಂದ ಹುಟ್ಟಿದ ಸಂಗ್ರಹವದು. 1632ರಲ್ಲಿ ಲ್ಯುಟ್ಸೆನ್ ರಣರಂಗದಲ್ಲಿ ಅವನು ಮಡಿದಾಗ ತೊಟ್ಟಿದ್ದ ತೊಗಲಂಗಿಯನ್ನು ಶತ್ರುಗಳು ವಿಯೆನ್ನಾಕ್ಕೆ ಒಯ್ದಿದ್ದರು. 1920ರಲ್ಲಿ ಅದು ಸ್ವೀಡನ್ನಿಗೆ ಮರಳಿತು. ಅವನ ಕುದುರೆ ಸ್ಟ್ರೈಫ್‌ನ ತೊಗಲೂ ಅಲ್ಲಿದೆ. ಆ ತೊಗಲಂಗಿಗೆ ಬೆಲೆ ಬಂದದ್ದು ಅದು ಯಾವುದೋ ವರ್ಗಕ್ಕೆ ಸೇರುತ್ತದೆ ಎಂಬುದರಿಂದಲ್ಲ. ಕೈಯಿಂದ ಕೈಗೆ ಸಾಗಿದ ದಾಖಲೆ ತುಂಡಾಗದೆ ಉಳಿದದ್ದರಿಂದ. ಹಾಗೆಂದು ಅರಸರ ಕಥೆಗೆ ಸಿಕ್ಕ ಈ ಮನ್ನಣೆ ರೈತನ ಖಡ್ಗಕ್ಕೆ ಸಿಗಲಿಲ್ಲ ಎಂಬುದನ್ನೂ ಮರೆಯಲಾಗದು.

ಖಡ್ಗದ ಜೊತೆಗೆ ಅದರ ಕಥೆಯನ್ನೂ ಕೇಳಿದ ವಿದ್ವಾಂಸರು ಇಲ್ಲದಿಲ್ಲ. ಇಂಗ್ಲೆಂಡಿನ ಹಿಲ್ಡಾ ಎಲ್ಲಿಸ್ ಡೇವಿಡ್‌ಸನ್ ಅವರ ಹೆಸರನ್ನು ನಾನು ಇಲ್ಲಿ ಗೌರವದಿಂದ ಎತ್ತುತ್ತೇನೆ. ಜಾನಪದ ವಿದ್ವಾಂಸರಾಗಿದ್ದ ಅವರು 1962ರಲ್ಲಿ ಆಂಗ್ಲೊ-ಸ್ಯಾಕ್ಸನ್ ಇಂಗ್ಲೆಂಡಿನ ಖಡ್ಗಗಳ ಬಗ್ಗೆ ಬರೆದ ಗ್ರಂಥದಲ್ಲಿ ಲೋಹ, ಗೋರಿ, ಕಾವ್ಯ, ಐಸ್‌ಲೆಂಡಿನ ಸಾಗಾಗಳು, ಇವನ್ನೆಲ್ಲ ಒಟ್ಟಿಗೆ ಓದಿದರು. ಹುರಿಗೊಳಿಸಿದ ಕಬ್ಬಿಣದ ಸರಳುಗಳನ್ನು ಒಂದಕ್ಕೊಂದು ಬೆಸೆದು ಬಡಿದ ಅಲಗುಗಳ ಮೈಮೇಲೆ ಸುಳಿಸುಳಿಯಾದ ಗೆರೆಗಳು ಮೂಡುತ್ತವೆ. ಅಂಥ ಅಲಗನ್ನು ಜಾನ್ ಆನ್‌ಸ್ಟೀ ಎಂಬವರು ಸ್ವತಃ ಕುಲುಮೆಯಲ್ಲಿ ಮಾಡಿನೋಡಿದ ಪ್ರಯೋಗದ ವಿವರವನ್ನು ಗ್ರಂಥಕ್ಕೆ ಅನುಬಂಧವಾಗಿ ಸೇರಿಸಿದರು. ಕೋರ್ಮಾಕನ ಸಾಗಾದಲ್ಲಿ ಸ್ಕೊಫ್ನುಂಗ್ ಎಂಬ ಖಡ್ಗದ ಪ್ರಸಂಗವಿದೆ. ಹ್ರೋಲ್ಫ್ ಕ್ರಾಕಿ ಎಂಬ ಡ್ಯಾನಿಷ್ ಅರಸನ ಗೋರಿದಿಬ್ಬವನ್ನು ಹೊಕ್ಕು ತಂದ ಖಡ್ಗವೆಂದು ಅದಕ್ಕೆ ಪ್ರತೀತಿ. ಅದರ ಹಿಡಿಯ ಮೇಲೆ ಬಿಸಿಲು ಬೀಳಬಾರದು. ಹೋರಾಟಕ್ಕೆ ಮೊದಲು ಹಿರಿಯಬಾರದು. ಹಿರಿದು ಉಸಿರೂದಿದರೆ ಹಿಡಿಕೆಯ ಅಡಿಯಿಂದ ಪುಟ್ಟ ಹಾವೊಂದು ಹರಿದು ಬರುತ್ತದೆ, ಅದು ಮರಳಿ ಒಳಹೋಗುವಂತೆ ಅಲಗನ್ನು ಓರೆ ಹಿಡಿಯಬೇಕು. ಕೋರ್ಮಾಕ್ ಈ ನಿಯಮಗಳನ್ನು ಪಾಲಿಸುವುದಿಲ್ಲ. ಖಡ್ಗ ಅವನಿಗೆ ಒಲಿಯುವುದಿಲ್ಲ. ಉಸಿರಿನ ಆವಿ ತಾಗಿದಾಗ ಅಲಗಿನ ಮೇಲಿನ ಸುಳಿಗೆರೆ ಮೂಡಿ ಮರೆಯಾಗುವ ನಿಜವಾದ ಅನುಭವ ಈ ಹಾವಿನ ಹಿಂದೆ ಇದೆ ಎಂಬ ಓದು ಮನಸ್ಸಿಗೆ ಒಪ್ಪುವಂಥದು. ದೈವದ ಖಡ್ಗವನ್ನು ಭಂಡಾರದಿಂದ ಹೊತ್ತಲ್ಲದ ಹೊತ್ತಿನಲ್ಲಿ ತೆಗೆಯಬಾರದೆಂಬ ಕಟ್ಟಳೆಯ ನಡುವೆ ಬೆಳೆದವರಿಗೆ ಈ ಪ್ರಸಂಗ ವಿಚಿತ್ರವೆನಿಸದು.

ಆದರೆ ಡೇವಿಡ್‌ಸನ್ ಅವರ ಮಾರ್ಗವೂ ನಿರಪಾಯವಲ್ಲ. ಸಾಗಾಗಳು ಬರಹಕ್ಕಿಳಿದದ್ದು ಹದಿಮೂರನೆಯ ಶತಮಾನದಲ್ಲಿ, ಕ್ರೈಸ್ತ ಐಸ್‌ಲೆಂಡಿನಲ್ಲಿ. ಹತ್ತನೆಯ ಶತಮಾನದ ಗೋರಿಯ ಖಡ್ಗಕ್ಕೆ ಅವು ಸಾಕ್ಷಿ ನುಡಿಯುವಾಗ ಮುನ್ನೂರು ವರ್ಷಗಳ ಅಂತರ ನಡುವೆ ಇರುತ್ತದೆ. ಗೋರಿಯಿಂದ ಖಡ್ಗ ತರುವುದು ಉತ್ತರದ ಕಥನಗಳಲ್ಲಿ ಮರುಕಳಿಸುವ ಆಶಯ. ಗ್ರೆಟ್ಟಿರ್ ದಿಬ್ಬದೊಳಗಿನ ಪ್ರೇತದೊಡನೆ ಹೋರಾಡಿ ಖಡ್ಗ ತರುತ್ತಾನೆ. ಹೆರ್ವೋರ್ ಎಂಬ ಹೆಣ್ಣು ಸಾಮ್ಸೋ ದ್ವೀಪದಲ್ಲಿ ಸತ್ತ ತಂದೆಯನ್ನು ಎಬ್ಬಿಸಿ ಟಿರ್ಫಿಂಗ್ ಎಂಬ ಖಡ್ಗವನ್ನು ಬೇಡುತ್ತಾಳೆ. ಆಶಯವನ್ನು ಇತಿಹಾಸವೆಂದು ಓದಿದರೆ ವರ್ಗವನ್ನು ವಸ್ತುವೆಂದು ಓದಿದಷ್ಟೇ ತಪ್ಪಾಗುತ್ತದೆ.

ಗುರುತಿಸುವಿಕೆ ವಸ್ತುವನ್ನು ದಾಟಿ ಮನುಷ್ಯರವರೆಗೆ ಚಾಚಿದಾಗ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಬಿರ್ಕಾದ 581ನೆಯ ಗೋರಿ ನಿದರ್ಶನ. ಯಾಲ್ಮಾರ್ ಸ್ತೋಲ್ಪೆ ಅವರು 1878ರಲ್ಲಿ ಅಗೆದ ಆ ಕೋಣೆಗೋರಿಯಲ್ಲಿ ಖಡ್ಗ, ಕೊಡಲಿ, ಈಟಿ, ಬಾಣಗಳು, ಎರಡು ಗುರಾಣಿಗಳು, ಎರಡು ಕುದುರೆಗಳು ಇದ್ದವು. ಆಯುಧಗಳಿದ್ದುದರಿಂದ ಗಂಡು ಎಂದು ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಬರೆದರು. 2017ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆ ಆ ಮೂಳೆಗಳು ಹೆಣ್ಣಿನವು ಎಂದು ತೋರಿಸಿತು. ಆ ಮೇಲೆ ನಡೆದ ಚರ್ಚೆ ಕುತೂಹಲಕರ. ಆಯುಧವಿದ್ದ ಮಾತ್ರಕ್ಕೆ ಆಕೆ ಯೋಧಳಾಗಿದ್ದಳೇ ಎಂದು ಹಲವರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಗಂಡೆಂದು ನಂಬಿದ್ದ ನೂರು ವರ್ಷಗಳಲ್ಲಿ ಆ ಪ್ರಶ್ನೆ ಆ ಗೋರಿಯ ಬಗ್ಗೆ ಏಳಲಿಲ್ಲ. ಜಟ್ಲೆಂಡಿನ ಮಾಮ್ಮೆನ್‌ನಲ್ಲಿ 1868ರಲ್ಲಿ ಸಿಕ್ಕ ಬೆಳ್ಳಿ ಕೆತ್ತನೆಯ ಕೊಡಲಿಯದೂ ಇಂಥದೇ ಕಥೆ. ಗೋರಿಯ ಮರದ ಉಂಗುರಗಳಿಂದ ಅದರ ಕಾಲ 970ರ ಚಳಿಗಾಲ ಎಂದು ಖಚಿತವಾಗಿದೆ. ಆದರೂ ಅದರ ಮೇಲಿನ ಹಕ್ಕಿ ಹಳೆಯ ಧರ್ಮದ ಹುಂಜವೋ ಕ್ರೈಸ್ತರ ಫೀನಿಕ್ಸೋ, ಬಳ್ಳಿ ಯಗ್‌ಡ್ರಸಿಲ್ ವೃಕ್ಷವೋ ಜೀವವೃಕ್ಷವೋ ಎಂಬುದು ತೀರ್ಮಾನವಾಗಿಲ್ಲ. ಡೆನ್ಮಾರ್ಕ್ ಧರ್ಮಾಂತರದ ಹೊಸ್ತಿಲಲ್ಲಿದ್ದ ಕಾಲವದು. ಎರಡನ್ನೂ ಒಟ್ಟಿಗೆ ಧರಿಸಬಲ್ಲ ಒಡೆಯನೂ ಇದ್ದಿರಬಹುದು.

ನೆಲೆಯನ್ನು ಬಿಡದೆ ಓದಿದಾಗ ಆಯುಧಗಳು ಏನನ್ನು ಹೇಳಬಲ್ಲವು ಎಂಬುದಕ್ಕೆ ಡೆನ್ಮಾರ್ಕಿನ ಜೌಗು ನೆಲಗಳೇ ಉತ್ತಮ ಉತ್ತರ. ಕಾನ್ರಾಡ್ ಎಂಗೆಲ್‌ಹಾರ್ಟ್ 1859ರಿಂದ 1863ರವರೆಗೆ ನಿಡಮ್‌ನಲ್ಲಿ ಅಗೆದು ತೆಗೆದ ಆಯುಧಗಳೂ ಓಕ್ ಮರದ ದೋಣಿಯೂ 1864ರ ಯುದ್ಧದ ನಂತರ ಪ್ರಷ್ಯದ ಪಾಲಾದವು. ಆ ದೋಣಿ ಇಂದಿಗೂ ಜರ್ಮನಿಯ ಗೊಟ್ಟೋರ್ಫ್ ಅರಮನೆಯಲ್ಲಿದೆ. ಇಲ್ಲೆರುಪ್ ಕಣಿವೆಯ ಅಗೆತ ಬಹುಮಟ್ಟಿಗೆ 1975ರಿಂದ 1985ರವರೆಗೆ ಯೊರ್ಗನ್ ಇಲ್‌ಕೇರ್ ಅವರ ನೇತೃತ್ವದಲ್ಲಿ ನಡೆಯಿತು. ಸುಮಾರು 15,000 ವಸ್ತುಗಳು ದೊರೆತವು. ಕ್ರಿ.ಶ. 200ರ ಸುಮಾರಿಗೆ ಸೋತ ದಂಡೊಂದರ ಆಯುಧಗಳನ್ನು ಗೆದ್ದವರು ಬಗ್ಗಿಸಿ, ಮುರಿದು, ಸರೋವರಕ್ಕೆ ಅರ್ಪಿಸಿದ್ದರು. ಸೋತವರು ಎಲ್ಲಿಯವರು? ಖಡ್ಗಗಳು ಇದಕ್ಕೆ ಉತ್ತರಿಸಲಿಲ್ಲ. ಅವುಗಳಲ್ಲಿ ಬಹುಪಾಲು ರೋಮನ್ ಸಾಮ್ರಾಜ್ಯದ ಕುಲುಮೆಗಳವು, ವ್ಯಾಪಾರದಿಂದ ಬಂದವು. ಉತ್ತರ ಸಿಕ್ಕಿದ್ದು ಸಿಪಾಯಿಗಳ ಸೊಂಟದ ಚೀಲಗಳಲ್ಲಿ. ಅಲ್ಲಿದ್ದ ಬಾಚಣಿಗೆಗಳು ಡೆನ್ಮಾರ್ಕಿನಲ್ಲಿ ಅಂದು ಇಲ್ಲದ ಹಿಮಸಾರಂಗ, ಎಲ್ಕ್ ಕೊಂಬುಗಳಿಂದ ಮಾಡಿದವು. ಕಿಡಿ ಹೊತ್ತಿಸುವ ಉಕ್ಕುಗಳು ನಾರ್ವೆ, ಸ್ವೀಡನ್ನುಗಳ ಮಾದರಿಯವು. ದಂಡಿನ ಊರನ್ನು ತಿಳಿಸಿದ್ದು ತಲೆ ಬಾಚುವ ಸಾಧನ.

ಅಲ್ಲಿಯ ಎರಡು ಈಟಿಮೊನೆಗಳ ಮೇಲೆ ರೂನ್ ಲಿಪಿಯಲ್ಲಿ ವಾಗ್ನಿಯೋ ಎಂಬ ಹೆಸರಿದೆ. ಒಂದರ ಮೇಲೆ ಅಚ್ಚೊತ್ತಿದ್ದು, ಮತ್ತೊಂದರ ಮೇಲೆ ಗೀರಿದ್ದು. ಫ್ಯೂನ್ ದ್ವೀಪದ ವಿಮೋಸೆ ಜೌಗಿನಲ್ಲಿ ಸಿಕ್ಕ ಈಟಿಯೊಂದರ ಮೇಲೆಯೂ ಅದೇ ಹೆಸರು. ಅಚ್ಚು ಇರುವುದರಿಂದ ಕಮ್ಮಾರನದಿರಬೇಕೆಂದು ಒಂದು ಊಹೆ, ದಂಡನಾಯಕನದೆಂದು ಮತ್ತೊಂದು. ಒಂದು ಗುರಾಣಿಯ ಹಿಡಿಯ ಮೇಲೆ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ನಿಥಿಯೋ ಎಂಬವನು ತಾನೇ ಇದನ್ನು ಮಾಡಿದೆನೆಂದು ಅಲ್ಲಿ ಬರೆದಿಟ್ಟಿದ್ದಾನೆ.